ಮಾಟುಂಗದ ಯಕ್ಷಗಾನದ ಹಣ ನೈರೋಬಿಯ ಶಾಲೆಗೆ ತಲುಪೀತೇ?

ಪ್ರಶ್ನೆ: ನಮ್ಮ ಸಂಘದ ಹಿರಿಯರೊಬ್ಬರ ಮಗ ನೈರೋಬಿಯಲ್ಲಿದ್ದಾರೆ. ಅಲ್ಲಿನ ಕೊಳೆಗೇರಿಯ ಮಕ್ಕಳು ಓದುವ ಶಾಲೆಯೊಂದರ ಸಹಾಯಾರ್ಥ ಮಾಟುಂಗದಲ್ಲಿ ಯಕ್ಷಗಾನ ಆಡಿಸಬೇಕೆಂದಿದ್ದೇವೆ. ಸೇರಿದ ಹಣವನ್ನು ಸಂಘದ ಖಾತೆಯಿಂದಲೇ ಕಳುಹಿಸಬಹುದೇ? ದಾನಿಗಳಿಗೆ ಆದಾಯ ತೆರಿಗೆಯಲ್ಲಿ 80ಜಿ ರಿಯಾಯಿತಿ ಸಿಗುತ್ತದೆಯೇ?
– ಕಾಂದಿವಲಿಯ ಓದುಗರು

ಉತ್ತರ: ಆಟ ಆಡಿಸುವುದು, ಟಿಕೆಟ್ ಹಂಚುವುದು, ಹೋಟೆಲ್ ಮಾಲೀಕರಿಂದ ಜಾಹೀರಾತು ತರುವುದು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ತೊಡಕಿರುವುದು ಆ ಹಣವನ್ನು ಕಡಲು ದಾಟಿಸುವಲ್ಲಿ.

ಎಫ್‌ಸಿಆರ್‌ಎ ನೋಂದಣಿ ಬೇಕಲ್ಲವೇ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ವಿದೇಶದಿಂದ ಬರುವ ಹಣದ ಕಾಯ್ದೆ. ಹೋಗುವ ಹಣವನ್ನು ನೋಡಿಕೊಳ್ಳುವುದು 1999ರ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ. ಸಂಘವನ್ನು ನಿಜವಾಗಿ ಕಟ್ಟಿಹಾಕುವುದು ಆದಾಯ ತೆರಿಗೆ. ದತ್ತಿ ಸಂಸ್ಥೆಯ ಆದಾಯಕ್ಕೆ ವಿನಾಯಿತಿ ಇರುವುದು ಅದನ್ನು ಭಾರತದೊಳಗೆ ಖರ್ಚು ಮಾಡಿದಾಗ. ಹೊರದೇಶದಲ್ಲಿ ಖರ್ಚು ಮಾಡಬೇಕೆಂದರೆ ಆ ಕೆಲಸ ಭಾರತಕ್ಕೂ ಆಸಕ್ತಿಯಿರುವ ಅಂತರರಾಷ್ಟ್ರೀಯ ಹಿತಕ್ಕೆ ಸೇರಿದ್ದಾಗಿರಬೇಕು, ಜೊತೆಗೆ ನೇರ ತೆರಿಗೆಗಳ ಕೇಂದ್ರ ಮಂಡಳಿಯ ಆದೇಶವಿರಬೇಕು. ಕನ್ನಡ ಭಾಷೆ, ಕಲೆ, ವಿದ್ಯಾರ್ಥಿವೇತನಕ್ಕೆಂದು ನೋಂದಾಯಿಸಿದ ಸಂಘ ಒಂದು ಆಟದ ಹಣಕ್ಕಾಗಿ ಈ ದಾರಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಖಜಾಂಚಿಯವರು ಎಲ್ಲರ ಹಣವನ್ನು ತಮ್ಮ ಖಾತೆಗೆ ಹಾಕಿಕೊಂಡು ಕಳುಹಿಸಲಿ ಎನ್ನುತ್ತೀರಿ. ಬೇಡ. ಪಾಪ, ಅವರನ್ನು ಸಿಕ್ಕಿಹಾಕಿಸಬೇಡಿ. ವ್ಯಕ್ತಿಯೊಬ್ಬರು ವಿದೇಶಕ್ಕೆ ಹಣ ಕಳುಹಿಸಲು ರಿಸರ್ವ್ ಬ್ಯಾಂಕ್ ವ್ಯಕ್ತಿಗಳಿಗೆಂದು ಮಾಡಿರುವ ಎಲ್‌ಆರ್‌ಎಸ್ ಯೋಜನೆಯಡಿ ಹಣ ಕಳುಹಿಸುವಾಗ ಅದು ತಮ್ಮದೇ ಹಣವೆಂದು ಬ್ಯಾಂಕಿಗೆ ಬರೆದುಕೊಡಬೇಕು. ಮೇಲಾಗಿ, ಬಂಧುಗಳಲ್ಲದವರಿಂದ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ಖಾತೆಗೆ ಬಂದರೆ ಅದನ್ನು ಅವರ ಆದಾಯವೆಂದೇ ಲೆಕ್ಕ ಹಿಡಿಯುವ ಸಂಭವವಿದೆ.

ಇನ್ನೊಂದು ಉಪಾಯವನ್ನೂ ಯಾರಾದರೂ ಹೇಳುತ್ತಾರೆ: ‘ಮಗ ಅಲ್ಲಿ ಶಾಲೆಗೆ ಕೊಡಲಿ, ನಾವು ಇಲ್ಲಿ ಅವರ ತಂದೆಗೆ ಕೊಟ್ಟರಾಯಿತು.’ ಕೇಳಲು ಎಷ್ಟು ಸರಳ! ಇದಕ್ಕೆ ಬೇರೆ ಹೆಸರಿದೆ, ಹವಾಲಾ. ಫೆಮಾದಲ್ಲಿ ಇದಕ್ಕೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು. ಮನೆಯವರ ನಡುವಿನ ವಿಶ್ವಾಸ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನೇರ ದಾರಿಯೆಂದರೆ ದೊಡ್ಡ ದಾನಿಗಳು ತಮ್ಮ ತಮ್ಮ ಖಾತೆಯಿಂದಲೇ ಶಾಲೆಯ ಖಾತೆಗೆ ಕಳುಹಿಸುವುದು. ಒಬ್ಬರಿಗೆ ಆರ್ಥಿಕ ವರ್ಷವೊಂದಕ್ಕೆ 2.5 ಲಕ್ಷ ಡಾಲರ್ ಮಿತಿಯಿದೆ; ಪ್ಯಾನ್ ಮತ್ತು ವಿದೇಶಕ್ಕೆ ಹಣ ಕಳುಹಿಸಲು ಬ್ಯಾಂಕಿಗೆ ಕೊಡುವ ಎ2 ಅರ್ಜಿ ಬೇಕು. ವರ್ಷದ ಒಟ್ಟು ರವಾನೆ 10 ಲಕ್ಷ ರೂಪಾಯಿ ದಾಟದಿದ್ದರೆ ಬ್ಯಾಂಕ್ ಟಿಸಿಎಸ್ (ರವಾನೆಯ ಹೊತ್ತಿಗೇ ವಸೂಲಿ ಮಾಡುವ ತೆರಿಗೆ) ಹಿಡಿಯುವುದಿಲ್ಲ. ಆದರೆ ಎರಡು ಸಾವಿರ ಕಳುಹಿಸುವವರ ಹಣದಲ್ಲಿ ಬ್ಯಾಂಕಿನ ಶುಲ್ಕವೇ ಬಹುಪಾಲನ್ನು ನುಂಗೀತು. ಹಾಗಾಗಿ ಟಿಕೆಟ್ ಹಣವನ್ನು ಪಾಲಿಕೆಯ ಕನ್ನಡ ಶಾಲೆಗಳ ಮಕ್ಕಳಿಗೆ ಮೀಸಲಿಟ್ಟು, ನೈರೋಬಿಗೆ ಕಳುಹಿಸುವವರ ಪಟ್ಟಿಯನ್ನು ಬೇರೆಯಾಗಿಯೇ ಮಾಡಿ ಎಂಬುದು ನನ್ನ ಸಲಹೆ. ಟಿಕೆಟಿನ ಮೇಲೂ ಇದನ್ನು ಸ್ಪಷ್ಟವಾಗಿ ಮುದ್ರಿಸಿ. ಸಂಘ ನೋಂದಣಿಯಾಗಿರದಿದ್ದರೆ, ಗಣೇಶೋತ್ಸವ ಮಂಡಳಿಗಳು ವರ್ಷವರ್ಷವೂ ಪಡೆಯುವಂತೆ, ವಂತಿಗೆ ಎತ್ತಲು ಧರ್ಮಾದಾಯ ಆಯುಕ್ತರ ಕಚೇರಿಯಿಂದ ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಸಿ ಕಲಮಿನ ಅನುಮತಿ ಪಡೆಯಿರಿ.

ಹಣಕ್ಕಿಂತ ಮೊದಲು ಶಾಲೆಗೆ ಏನು ಬೇಕೆಂದು ಕೇಳಿ. ಕೀನ್ಯಾದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 2003ರಲ್ಲೇ ಶುಲ್ಕ ರದ್ದಾಯಿತು. ಮರುವರ್ಷ 84ರ ಹರೆಯದ ಕಿಮಾನಿ ಮರುಗೆ ಎಂಬ ಅಜ್ಜ ಒಂದನೆಯ ತರಗತಿಗೆ ಸೇರಿದ್ದು ಆ ಧೈರ್ಯದಿಂದಲೇ. ಆದರೂ ಸಮವಸ್ತ್ರ, ಪುಸ್ತಕ, ಮಧ್ಯಾಹ್ನದ ಊಟದ ಖರ್ಚು ಬಡ ಮನೆಗಳಿಗೆ ಉಳಿದೇ ಇರುತ್ತದೆ. ನಿಮ್ಮದು ಖಾಸಗಿ ಶಾಲೆಯಾದರೆ ಶುಲ್ಕವೂ ಇದ್ದೀತು. ನೋಂದಣಿ ಪತ್ರ ಮತ್ತು ಶಾಲೆಯ ಹೆಸರಿನಲ್ಲೇ ಇರುವ ಖಾತೆಯ ವಿವರ ತರಿಸಿಕೊಳ್ಳಿ.

ಇನ್ನು 80ಜಿ. ವಿದೇಶಿ ಶಾಲೆಗೆ ನೇರವಾಗಿ ಕೊಟ್ಟ ದಾನಕ್ಕೆ ಅದು ಅನ್ವಯಿಸುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇಲ್ಲಿನ ದಾನಕ್ಕೂ ಇಲ್ಲ. ಕಳೆದ ವರ್ಷದ ಕರಪತ್ರವನ್ನೇ ತಿದ್ದಿ ಅಚ್ಚಿಗೆ ಕೊಡುವುದಿದ್ದರೆ, ಕೆಳಗಿನ ‘80ಜಿ ರಿಯಾಯಿತಿ ಲಭ್ಯ’ ಎಂಬ ಸಾಲನ್ನು ನೈರೋಬಿಯ ಮನವಿಯಿಂದ ಮರೆಯದೆ ತೆಗೆಸಿ.