ಎಚ್‌ಐವಿ ಹಿಡಿತಕ್ಕೆ ಬಂತು, ಗಂಡಸರ ಮೂಳೆ?

ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಗೆ ಉಚಿತ ಔಷಧ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ರಂದು. ಆಗ ಮೂವತ್ತರ ಆಸುಪಾಸಿನಲ್ಲಿದ್ದು, ಅಂದಿನಿಂದ ತಪ್ಪದೆ ಮಾತ್ರೆ ನುಂಗಿಕೊಂಡು ಬಂದ ಗಂಡಸರು ಈಗ ಐವತ್ತು ದಾಟಿದ್ದಾರೆ. ಅದಕ್ಕೂ ಮೊದಲು ಸೋಂಕಿತರಿಗೆ ಮುಪ್ಪಿನ ಚಿಂತೆಯೇ ಇರಲಿಲ್ಲ. ಅಲ್ಲಿಯವರೆಗೆ ಬದುಕುತ್ತೇವೆಂಬ ನಂಬಿಕೆ ಇದ್ದರೆ ತಾನೆ! ಈಗ ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಸೆಂಟರಿನಲ್ಲಿ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಜೊತೆಗೆ ಬಿಪಿ, ಶುಗರ್ ಮಾತೂ ಬರುತ್ತದೆ. ಮೂಳೆಯ ಮಾತು ಬರುವುದು ಅಪರೂಪ. ಮೂಳೆ ಸವೆತವೆಂದರೆ ಮುಟ್ಟು ನಿಂತ ಹೆಂಗಸರ ಕಾಯಿಲೆ ಎಂಬ ಎಣಿಕೆ ನಮ್ಮಲ್ಲಿ ಅಷ್ಟು ಗಟ್ಟಿ.

2008ರಲ್ಲಿ ಅಮೆರಿಕದ ಬಾಸ್ಟನ್ ನಗರದ ದೊಡ್ಡ ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದವರಿಗೆ ಬೇರೆಯದೇ ಚಿತ್ರ ಸಿಕ್ಕಿತು. ಎಚ್‌ಐವಿ ಇರುವ ಪ್ರತಿ 100 ಮಂದಿಯಲ್ಲಿ 2.87 ಮಂದಿಗೆ ಮೂಳೆ ಮುರಿದಿತ್ತು, ಇಲ್ಲದವರಲ್ಲಿ 1.77 ಮಂದಿಗೆ. ಗಂಡಸರನ್ನಷ್ಟೇ ಎಣಿಸಿದರೂ ಬೆನ್ನುಮೂಳೆ, ಸೊಂಟ, ಮಣಿಕಟ್ಟು ಮೂರೂ ಕಡೆ ಮುರಿತ ಜಾಸ್ತಿ.

ಯಾಕೆ ಹೀಗೆ? ಮೂಳೆ ಜೀವಂತ ಅಂಗಾಂಶ. ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಲೇ ಇರುತ್ತವೆ, ಆಸ್ಟಿಯೊಬ್ಲಾಸ್ಟ್‌ಗಳು ಹೊಸದನ್ನು ಕಟ್ಟುತ್ತಲೇ ಇರುತ್ತವೆ. ಕರಗಿಸುವ ಕೋಶಗಳನ್ನು ಎಬ್ಬಿಸುವುದು ರ್ಯಾಂಕ್-ಎಲ್ ಎಂಬ ಪ್ರೊಟೀನು. ಅದಕ್ಕೆ ಕಡಿವಾಣ ಹಾಕುವುದು ಆಸ್ಟಿಯೊಪ್ರೊಟೆಜೆರಿನ್. ಇವೆರಡನ್ನೂ ತಯಾರಿಸುವುದರಲ್ಲಿ ರಕ್ತದ ರೋಗನಿರೋಧಕ ಕೋಶಗಳ ಕೈಯೂ ಇದೆ. ಎಚ್‌ಐವಿ ಕೆಡಿಸುವುದು ಇದೇ ರೋಗನಿರೋಧಕ ವ್ಯವಸ್ಥೆಯನ್ನು. ಕಡಿವಾಣ ಸಡಿಲವಾಗುತ್ತದೆ, ಮೂಳೆ ಕರಗುವ ವೇಗ ಏರುತ್ತದೆ.

ಹಾಗಿದ್ದರೆ ಔಷಧ ಶುರುಮಾಡಿದ ಮೇಲೆ ಮೂಳೆ ಸುಧಾರಿಸಬೇಕಲ್ಲ? ಆಗುವುದು ಉಲ್ಟಾ. ಮೊದಲ ಒಂದೆರಡು ವರ್ಷಗಳಲ್ಲಿ ಮೂಳೆ ಸಾಂದ್ರತೆ ಶೇ. 2ರಿಂದ 6ರಷ್ಟು ಕುಸಿಯುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಗಸರು ಕಳೆದುಕೊಳ್ಳುವಷ್ಟೇ ಸುಮಾರಾಗಿ ಇದೂ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗವೆಂದರೆ ಇದರ ಕಾರಣ. ವೈರಸ್ ತಗ್ಗಿದಾಗ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳು ಭರದಿಂದ ವೃದ್ಧಿಯಾಗುತ್ತವೆ. ಆ ಭರದಲ್ಲಿ ರ್ಯಾಂಕ್-ಎಲ್ ಕೂಡ ಹೆಚ್ಚು ಸುರಿಯುತ್ತದೆ. ಸಿಡಿ4 ಎಣಿಕೆ (ಎಚ್‌ಐವಿ ಮುಖ್ಯವಾಗಿ ಕೊಲ್ಲುವ ಟಿ ಕೋಶಗಳ ಲೆಕ್ಕ) ಏರಿತೆಂದು ರೋಗಿ, ವೈದ್ಯ ಇಬ್ಬರೂ ಸಂತೋಷಪಡುತ್ತಿರುವ ತಿಂಗಳುಗಳಲ್ಲೇ ಮೂಳೆ ತೆಳ್ಳಗಾಗುತ್ತಿರುತ್ತದೆ. ಆಮೇಲೆ ಕುಸಿತ ಬಹುಮಟ್ಟಿಗೆ ನಿಲ್ಲುತ್ತದೆ. ಎಮೊರಿ ವಿಶ್ವವಿದ್ಯಾಲಯದ ಸಂಶೋಧಕರು ಚಿಕಿತ್ಸೆಯ ಆರಂಭದಲ್ಲೇ ಮೂಳೆ ಕರಗುವುದನ್ನು ತಡೆಯುವ ಜೊಲೆಡ್ರೊನಿಕ್ ಆಸಿಡ್ ಎಂಬ ಔಷಧವನ್ನು ಒಂದೇ ಒಂದು ಸಲ ರಕ್ತನಾಳಕ್ಕೆ ಕೊಟ್ಟು ಈ ನಷ್ಟ ತಡೆಯಬಹುದೆಂದು ತೋರಿಸಿದ್ದಾರೆ.

ಇದನ್ನು ಓದಿ ಯಾರಾದರೂ ಮಾತ್ರೆ ಬಿಟ್ಟರೆ ಅದಕ್ಕಿಂತ ದೊಡ್ಡ ಅನಾಹುತ ಬೇರೊಂದಿಲ್ಲ. 2015ರಲ್ಲಿ ಫಲಿತಾಂಶ ಹೊರಬಂದ ಸ್ಟಾರ್ಟ್ ಎಂಬ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ, ಸಿಡಿ4 ಕುಸಿಯುವವರೆಗೆ ಕಾಯದೆ ಕೂಡಲೇ ಔಷಧ ಹಿಡಿದವರ ಮೂಳೆ, ತಡವಾಗಿ ಶುರುಮಾಡಿದವರದ್ದಕ್ಕಿಂತ ಹೆಚ್ಚು ಸವೆದಿದ್ದು ನಿಜ. ಆದರೆ ಗಂಭೀರ ಕಾಯಿಲೆ ಮತ್ತು ಸಾವು ಅವರಲ್ಲೇ ಕಡಿಮೆ, ಅದೂ ಅರ್ಧಕ್ಕಿಂತ ಕಡಿಮೆ.

ಔಷಧಗಳಲ್ಲೂ ಒಂದರ ಮೇಲೆ ಕಣ್ಣಿಡಬೇಕು. ಸರಕಾರ ಕೊಡುವ, ಮೂರು ಔಷಧ ಒಂದಾಗಿರುವ ಟಿಎಲ್‌ಡಿ ಮಾತ್ರೆಯಲ್ಲಿರುವ ಟೆನೊಫೊವಿರ್, ಕೆಲವರ ಮೂತ್ರಪಿಂಡದ ನಾಳಗಳಿಗೆ ತೊಂದರೆ ಕೊಟ್ಟು ರಂಜಕ ಮೂತ್ರದಲ್ಲಿ ಸೋರಿಹೋಗುವಂತೆ ಮಾಡುತ್ತದೆ. ರಂಜಕವಿಲ್ಲದೆ ಮೂಳೆ ಗಟ್ಟಿಯಾಗದು. ಟೆನೊಫೊವಿರ್‌ನ ಹೊಸ ರೂಪ ಟಿಎಎಫ್‌ನಲ್ಲಿ ರಕ್ತದಲ್ಲಿ ಸುಳಿದಾಡುವ ಔಷಧದ ಪ್ರಮಾಣ ಶೇ. 90ರಷ್ಟು ಕಡಿಮೆ, ಹಾಗಾಗಿ ಮೂಳೆಗೂ ಮೂತ್ರಪಿಂಡಕ್ಕೂ ಹಗುರ. ಇದರ ಮೇಲೆ ಬೀಡಿ, ಹೆಂಡ, ತೀರಾ ಕಡಿಮೆ ತೂಕ, ಕುಗ್ಗಿದ ಟೆಸ್ಟೊಸ್ಟೆರೋನ್, ಡಿ ವಿಟಮಿನ್ ಕೊರತೆ ಸೇರಿಕೊಂಡರೆ ಕೇಳುವುದೇ ಬೇಡ.

ಎಚ್‌ಐವಿ ಇರುವ ಗಂಡಸರು 50 ದಾಟಿದ ಮೇಲೆ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕೆಂಬುದು ತಜ್ಞರ ಸಲಹೆ. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ವರದಿಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) -2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ. ತಾಲ್ಲೂಕು ಊರುಗಳಲ್ಲಿ ಈ ಯಂತ್ರ ಸಿಗುವುದು ಕಷ್ಟ. ಅಂಥ ಕಡೆ ವಯಸ್ಸು, ತೂಕ, ಹಿಂದಿನ ಮುರಿತ, ಧೂಮಪಾನ ಇತ್ಯಾದಿ ತುಂಬಿಸಿ ಮುರಿತದ ಅಪಾಯ ಲೆಕ್ಕಹಾಕುವ ಫ್ರ್ಯಾಕ್ಸ್ ಎಂಬ ಆನ್‌ಲೈನ್ ವಿಧಾನವಿದೆ. 40 ದಾಟಿದವರಿಗೆ ಇದು ಅನ್ವಯ.

ಸವೆತದಿಂದ ಬೇರೆಯದಾದ ಇನ್ನೊಂದು ತೊಂದರೆಯನ್ನೂ ಹೇಳಿಬಿಡಬೇಕು. ತೊಡೆಮೂಳೆಯ ಮೇಲ್ತುದಿಯ ದುಂಡು ಭಾಗಕ್ಕೆ ರಕ್ತ ಹರಿಯುವುದು ನಿಂತು ಆ ಭಾಗ ಸಾಯುವುದುಂಟು. 2002ರ ಅಮೆರಿಕದ ಅಧ್ಯಯನವೊಂದರಲ್ಲಿ, ಯಾವ ನೋವೂ ಇಲ್ಲದ 339 ಸೋಂಕಿತರ ಎಂಆರ್‌ಐ ತೆಗೆದಾಗ 15 ಮಂದಿಯಲ್ಲಿ ಇದು ಕಂಡಿತು. ಸ್ಟೆರಾಯ್ಡ್ ತೆಗೆದುಕೊಂಡವರಲ್ಲಿ, ವಿಪರೀತ ಕುಡಿಯುವವರಲ್ಲಿ ಅಪಾಯ ಹೆಚ್ಚು. ನಡೆಯುವಾಗ ತೊಡೆಸಂದಿನಲ್ಲಿ ನೋವು ಬಿಡದೆ ಕಾಡಿದರೆ, ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ಸುಮ್ಮನಾಗಬಾರದು. ಆರಂಭದ ಹಂತ ಎಕ್ಸ್‌ರೇಗೆ ಸಿಗುವುದಿಲ್ಲ.

ಊಟದ ವಿಚಾರದಲ್ಲಿ ನಮ್ಮವರಿಗೆ ರಾಗಿ ಇದೆ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರೆ ಮಾತ್ರ ಒಂದು ಎಚ್ಚರ ಬೇಕು. ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಹೊಟ್ಟೆಯಲ್ಲಿ ಕ್ಯಾಲ್ಸಿಯಂಗೆ ಅಂಟಿಕೊಂಡು ರಕ್ತ ಸೇರದೆ ಹೋಗಬಹುದು. ಊಟದ ಜೊತೆಗಾದರೆ ಎರಡನ್ನೂ ಒಟ್ಟಿಗೆ ನುಂಗಬಹುದು. ಖಾಲಿ ಹೊಟ್ಟೆಯಲ್ಲಾದರೆ ಕ್ಯಾಲ್ಸಿಯಂಗಿಂತ 2 ಗಂಟೆ ಮುಂಚೆ ಇಲ್ಲವೇ 6 ಗಂಟೆ ಬಿಟ್ಟು ಎಚ್‌ಐವಿ ಮಾತ್ರೆ ತೆಗೆದುಕೊಳ್ಳಬೇಕು. ಕಬ್ಬಿಣದ ಮಾತ್ರೆಗೂ ಇದೇ ನಿಯಮ. ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಅಸಿಡಿಟಿ ಔಷಧವನ್ನಂತೂ ಊಟದ ಜೊತೆಗೂ ಒಟ್ಟಿಗೆ ಸೇವಿಸುವಂತಿಲ್ಲ.