ಸೆಕ್ಷನ್ 79 ಮತ್ತು ಮೋಸದ ಜಾಹೀರಾತು: ನಾನು ಎಡವಿದ ಜಾಗ

ಮೂರು ಸಲ ಓದಿದ ಮೇಲೆ ತಲೆಗೆ ಹತ್ತಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನಾರಾಯಣ ಮೂರ್ತಿಯವರ ಮುಖ, ದನಿ ನಕಲು ಮಾಡಿ ಟ್ರೇಡಿಂಗ್ ಆ್ಯಪ್ ಮಾರುವ ವಿಡಿಯೊಗಳು ನೆನಪಿವೆಯಾ? ಅವು ಸುಳ್ಳು ಎಂದು 2023ರ ಡಿಸೆಂಬರ್‌ನಲ್ಲಿ ಅವರೇ ಹೇಳಬೇಕಾಯಿತು. ಅಂಥ ವಿಡಿಯೊ ಮಾಡಿದವನು ಕಳ್ಳ, ಸರಿ. ದುಡ್ಡು ತೆಗೆದುಕೊಂಡು ಅದನ್ನು ಜಾಹೀರಾತಾಗಿ ತೋರಿಸುವ ಕಂಪನಿ?

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 79 ಪ್ರಕಾರ, ಬೇರೆಯವರು ಹಾಕಿದ್ದಕ್ಕೆ ಮಧ್ಯವರ್ತಿ (ಅಂದರೆ ಗೂಗಲ್, ಫೇಸ್‌ಬುಕ್‌ನಂಥ ವೇದಿಕೆ) ಹೊಣೆಯಲ್ಲ. ಇದೇ ಸೇಫ್ ಹಾರ್ಬರ್. ಇಷ್ಟು ಸುಲಭ.

ನಾನು ಎಡವಿದ್ದು ಮುಂದೆ. 79(3)(ಬಿ)ಯಲ್ಲಿ 'ಅರಿವು' ಎಂಬ ಮಾತಿದೆ. ಅರಿವಿದ್ದೂ ತೆಗೆಯದಿದ್ದರೆ ರಕ್ಷಣೆ ಹೋಗುತ್ತದೆ. ಆದರೆ ಸುಪ್ರೀಂ ಕೋರ್ಟಿನ ಶ್ರೇಯಾ ಸಿಂಘಾಲ್ ತೀರ್ಪಿನ (2015) ಪ್ರಕಾರ ಅರಿವು ಎಂದರೆ ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ. ನಾವು ನೀವು ರಿಪೋರ್ಟ್ ಒತ್ತಿದ್ದು ಲೆಕ್ಕಕ್ಕಿಲ್ಲ. ಹಾಗಾದರೆ ಆದೇಶ ಬರುವ ತನಕ ಕಂಪನಿ ಸುಮ್ನೆ ಕೂರಬಹುದು ಅಲ್ವಾ? ಟೆಸ್ಟಿನಲ್ಲಿ ಹಾಗೇ ಬರೆದು ಬಂದೆ. ಅರ್ಧ ಅಂಕ.

ತಪ್ಪೆಲ್ಲಿ? 79(3) ಇರುವುದು ಸಿಕ್ಕ ರಕ್ಷಣೆಯನ್ನು ಕಿತ್ತುಕೊಳ್ಳಲು. ರಕ್ಷಣೆ ಸಿಗುತ್ತದೋ ಇಲ್ಲವೋ ಎಂಬುದನ್ನು ಮೊದಲು 79(2) ಕೇಳುತ್ತದೆ. ಒಳಗೆ ಬಂದವರನ್ನು ಆಚೆ ಕಳಿಸುವುದು ಬೇರೆ, ಬಾಗಿಲಲ್ಲೇ ನಿಲ್ಲಿಸುವುದು ಬೇರೆ. ನಾನು ಬಾಗಿಲನ್ನು ನೋಡದೆ ನೇರ ನಡುಮನೆಗೆ ನುಗ್ಗಿದ್ದೆ.

79(2)ನ್ನು ನಿಧಾನ ಓದಿ. (ಎ) ಬರೀ ಸಂಪರ್ಕದ ಸೌಲಭ್ಯ ಕೊಡುವವರು. ಅಥವಾ (ಬಿ) ಈ ಮೂರನ್ನು ಮಾಡದವರು: ರವಾನೆ ಶುರು ಮಾಡುವುದು, ಯಾರಿಗೆ ತಲುಪಬೇಕೆಂದು ಆರಿಸುವುದು, ವಿಷಯವನ್ನು ಆರಿಸುವುದು ಇಲ್ಲವೇ ತಿದ್ದುವುದು. ಇದರ ಜೊತೆಗೆ (ಸಿ) ತಕ್ಕ ಎಚ್ಚರಿಕೆ ವಹಿಸಿರಬೇಕು. ಆ 'ಅಥವಾ'ಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ.

ನಾನು ನೆನಪಿಟ್ಟುಕೊಂಡಿರುವುದು ಹೀಗೆ. ಬಸ್ ಸ್ಟ್ಯಾಂಡಿನ ಗೋಡೆಗೆ ಯಾರೋ ಚೀಟಿ ಅಂಟಿಸಿದರೆ ಗೋಡೆಯವನು ಏನು ಮಾಡಿಯಾನು? ಆದರೆ ಪೇಪರ್ ಏಜೆಂಟ್ ದುಡ್ಡು ಇಸ್ಕೊಂಡು, 'ರಿಟೈರ್ ಆದವರ ಮನೆಗೆ ಮಾತ್ರ ಹಾಕು' ಎಂದು ಹುಡುಗನ ಕೈಲಿ ಪಾಂಪ್ಲೆಟ್ ಹಾಕಿಸಿದರೆ? ಅವನು ಗೋಡೆಯಲ್ಲ. ಮನೆ ಆರಿಸಿದವನು ಅವನೇ. ಆನ್‌ಲೈನ್ ಜಾಹೀರಾತು ಈ ಎರಡನೆಯದಕ್ಕೆ ಹತ್ತಿರ.

2023ರ ಆಗಸ್ಟ್‌ನಲ್ಲಿ ಗೂಗಲ್ ವಿರುದ್ಧ ಡಿಆರ್‌ಎಸ್ ಲಾಜಿಸ್ಟಿಕ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದೇ ದಾರಿ ಹಿಡಿಯಿತು. ಜಾಹೀರಾತು ವ್ಯವಹಾರದಲ್ಲಿ ಗೂಗಲ್ ಸುಮ್ಮನೆ ನಿಂತ ದಾರಿಹೋಕನಲ್ಲ, ಉಲ್ಲಂಘನೆ ಕಂಡುಬಂದರೆ 79ರ ಆಸರೆ ಸಿಗದು ಎಂದಿತು. ಹುಷಾರು: ಅದು ಟ್ರೇಡ್‌ಮಾರ್ಕ್ ಕೀವರ್ಡ್‌ಗಳ ಕೇಸು (ಒಬ್ಬರ ಬ್ರ್ಯಾಂಡ್ ಹೆಸರು ಹುಡುಕಿದಾಗ ಇನ್ನೊಬ್ಬರ ಜಾಹೀರಾತು ತೋರಿಸುವುದು), ಹಣ ಕಳೆದುಕೊಂಡವರ ಕೇಸಲ್ಲ. ಇನ್ನೊಂದು, ರಕ್ಷಣೆ ಹೋದ ಮಾತ್ರಕ್ಕೆ ಕಂಪನಿ ತಪ್ಪಿತಸ್ಥ ಆಗಿಬಿಡುವುದಿಲ್ಲ. ತಪ್ಪನ್ನು ಬೇರೆಯಾಗಿ ಸಾಬೀತು ಮಾಡಬೇಕು.

ಸ್ಪ್ಯಾಮ್ ಕರೆ, ಎಸ್ಸೆಮ್ಮೆಸ್ಸನ್ನು ಇದರ ಜೊತೆ ಕಲಸಬೇಡಿ. ಅದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮಗಳಿವೆ. ದೂರು 1909ಕ್ಕೆ. ಹಣವೇ ಹೋಗಿದ್ದರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930.

ಕೊನೆಗೆ ಒಂದು ಉದಾಹರಣೆ. ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾದ ಒಳಗಿನ ಕಡತಗಳ ಬಗ್ಗೆ ಸುದ್ದಿಸಂಸ್ಥೆ ರಾಯಿಟರ್ಸ್ 2025ರ ನವೆಂಬರ್‌ನಲ್ಲಿ ವರದಿ ಮಾಡಿತು. 2024ರ ಆದಾಯದಲ್ಲಿ ಸುಮಾರು ಶೇ 10ರಷ್ಟು ಮೋಸದ ಮತ್ತು ನಿಷೇಧಿತ ಸರಕಿನ ಜಾಹೀರಾತಿನಿಂದ ಬರಬಹುದು ಎಂದು ಕಂಪನಿಯೇ ಅಂದಾಜಿಸಿತ್ತಂತೆ. ಅದು ಒರಟು ಲೆಕ್ಕ, ಜಾಸ್ತಿಯೇ ಹಿಡಿದದ್ದು ಎಂದು ಮೆಟಾ ಹೇಳಿತು. ನಾನು ಗುರುತು ಹಾಕಿಕೊಂಡದ್ದು ಬೇರೆ ಸಾಲಿಗೆ: ಇಂಥ ಜಾಹೀರಾತನ್ನು ಒಮ್ಮೆ ಒತ್ತಿದವರಿಗೆ ಅಂಥವೇ ಇನ್ನಷ್ಟು ಕಾಣುವ ಸಾಧ್ಯತೆ ಇತ್ತು. ಈಗ 79(2)(ಬಿ)ಯ ಎರಡನೆಯ ಷರತ್ತನ್ನು ಮತ್ತೆ ಓದಿ.