ಸಮುದ್ರಕ್ಕೆ ಹೋಗೋ ನೀರು ಯಾರ ಖಾತೇಲಿದೆ?

ಮದುವೆ ಊಟದ ಪಂಕ್ತೀಲಿ ಕೂತಿದ್ರೂ ಸರಿ, ನಾನು ನೀರಾವರಿ ಇಂಜಿನಿಯರ್ ಆಗಿದ್ದವನು ಅಂತ ಗೊತ್ತಾದ್ರೆ ಪಕ್ಕದವರು ಕೇಳೋದು ಒಂದೇ ಪ್ರಶ್ನೆ, "ಸಾರ್, ಗೋದಾವರಿ ನೀರು ಅಷ್ಟೊಂದು ಸುಮ್ನೆ ಸಮುದ್ರ ಸೇರ್ತಿದೆಯಲ್ಲ, ಅದನ್ನ ಕಾವೇರಿ ಕಡೆ ತಿರುಗಿಸೋಕೆ ಏನ್ ಕಷ್ಟ ಇವ್ರಿಗೆ?" ಅನ್ನ ಮುಗಿದು ಪಾಯಸ ಬರೋಷ್ಟರಲ್ಲಿ ಉತ್ತರ ಹೇಳಬೇಕು, ಆಗಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ಆ "ಅಷ್ಟೊಂದು ನೀರು" ನೋಡೋಣ. 2022ರ ಜುಲೈನಲ್ಲಿ ತೆಲಂಗಾಣದ ಭದ್ರಾಚಲದ ಹತ್ರ ಗೋದಾವರಿ 71 ಅಡಿ ದಾಟಿತ್ತು, ಹರಿವು 20 ಲಕ್ಷ ಕ್ಯೂಸೆಕ್‌ಗೂ (ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ) ಮೇಲೆ. ಟಿವೀಲಿ ನೋಡಿದವರಿಗೆ ಹೊಟ್ಟೆ ಉರಿಯುತ್ತೆ, ನಿಜ. ಆದ್ರೆ ದಿನಕ್ಕೆ ಒಂದು ಟಿಎಂಸಿ (ನೂರು ಕೋಟಿ ಘನ ಅಡಿ) ಎಳೀಬೇಕು ಅಂದ್ರೆ ಕಾಲುವೇಲಿ 11,574 ಕ್ಯೂಸೆಕ್ ಹರೀಬೇಕು, ಅಂದ್ರೆ ಅದೇ ಒಂದು ಸಣ್ಣ ಹೊಳೆ, ಅಂಥಾ ಕಾಲುವೆ ತೋಡಿದ್ರೂ ಆವತ್ತಿನ ಪ್ರವಾಹದಲ್ಲಿ ನೂರಕ್ಕೆ ಒಂದು ಪಾಲೂ ನಿಮ್ಮ ಕೈಗೆ ಸಿಗ್ತಿರಲಿಲ್ಲ. ಮಿಕ್ಕಿದ್ದನ್ನ ಹಿಡಿದಿಡೋಕೆ ಅಣೆಕಟ್ಟು ಬೇಕು, ಅಣೆಕಟ್ಟಿಗೆ ಮುಳುಗೋ ಜಾಗ ಬೇಕು, ಆ ಜಾಗದಲ್ಲಿ ಯಾವುದೋ ರಾಜ್ಯದ ಹಳ್ಳಿಗಳಿರ್ತವೆ.

ಇನ್ನು "ಹೆಚ್ಚುವರಿ" ಅನ್ನೋ ಪದ. ನಮ್ಮ ಲೆಕ್ಕದಲ್ಲಿ ಶೇ 75 ಭರವಸೆಯ ನೀರು ಅಂದ್ರೆ ನೂರು ವರ್ಷದಲ್ಲಿ 75 ವರ್ಷ ಅಷ್ಟಾದರೂ ಬಂದೇ ಬರುತ್ತೆ ಅನ್ನೋ ಪ್ರಮಾಣ. ಅದರಲ್ಲಿ ಆ ಕಣಿವೆಯವರು ಈಗ ಬಳಸ್ತಿರೋದನ್ನ ಕಳೀರಿ, ಮುಂದೆ ಬಳಸಬಹುದಾದದ್ದನ್ನೂ ಕಳೀರಿ, ಉಳಿದದ್ದೇ ಹೆಚ್ಚುವರಿ. ಆ "ಮುಂದೆ ಬಳಸಬಹುದಾದದ್ದು" ಇದೆಯಲ್ಲ, ಅಲ್ಲೇ ಇರೋದು ಕೈಚಳಕ. ಇಂಥ ಟೇಬಲ್ ನಾನೂ ಮಾಡಿದವನೇ. ಬೆಳೆ ಕಾಲಮ್ಮಲ್ಲಿ ಭತ್ತ ಅಳಿಸಿ ಜೋಳ ಹಾಕಿದ್ರೆ ಸಾಕು, ನಿನ್ನೆ ಸಂಜೆವರೆಗೂ ಕೊರತೆ ಇದ್ದ ಕಣಿವೇಲಿ ಬೆಳಿಗ್ಗೆ ನೀರು ಉಕ್ಕುತ್ತೆ. ಒಂದು ಮೀಟಿಂಗಲ್ಲಿ ಹಿರಿಯ ಅಧಿಕಾರಿಯೊಬ್ಬರು "ಹೆಚ್ಚುವರಿ ಎಷ್ಟು ಬರಬೇಕು ಹೇಳ್ರಿ, ಆಮೇಲೆ ಬೆಳೆ ನೋಡೋಣ" ಅಂದಿದ್ರು. ತಮಾಷೆಗೆ ಅಂದ್ರು ಅಂತ ಎಲ್ಲಾ ನಕ್ವಿ.

ಒಡಿಶಾ ಮಹಾನದೀಲಿ ಹೆಚ್ಚುವರಿ ಇಲ್ಲ ಅನ್ನೋದು ಇದೇ ಕಾರಣಕ್ಕೆ. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಮೂಲ ನಕ್ಷೇಲಿ ಮಹಾನದಿ ಗೋದಾವರಿಗೆ ಕೊಡಬೇಕು, ಗೋದಾವರಿ ಕೃಷ್ಣೆಗೆ, ಹಾಗೇ ಪೆನ್ನಾರ್ ದಾಟಿ ಕಾವೇರಿಗೆ. ಮೊದಲನೇ ಕೊಂಡಿಯೇ ಕೂರಲಿಲ್ಲ. ಹಾಗಾಗಿ ಈಗ ಗೋದಾವರಿ–ಕಾವೇರಿ ಯೋಜನೆ ನಿಂತಿರೋದು ಛತ್ತೀಸ್‌ಗಢ ತನ್ನ ಪಾಲಲ್ಲಿ ಇನ್ನೂ ಬಳಸದೇ ಇರೋ ಸುಮಾರು 148 ಟಿಎಂಸಿ ಮೇಲೆ. ಅವರು ಒಪ್ತಿಲ್ಲ. ನಾಳೆ ಅವರು ಬಳಸೋಕೆ ಶುರು ಮಾಡಿದ್ರೆ ತಮಿಳುನಾಡಲ್ಲಿ ಕಾಲುವೆಯ ಕೊನೇಲಿ ಕೂತ ರೈತನಿಗೆ ಏನು ಹೇಳ್ತೀರಿ?

ರಾಷ್ಟ್ರೀಯ ಜಲನೀತಿ ಇದೆಯಲ್ಲ ಅಂತೀರಿ. ಇದೆ, 1987ರದ್ದು, 2002ರದ್ದು, 2012ರದ್ದು. ಆದ್ರೆ ನೀತಿ ಕಾನೂನಲ್ಲ. ನೀರು ರಾಜ್ಯಪಟ್ಟಿಯ 17ನೇ ನಮೂದು, ಅಂತಾರಾಜ್ಯ ನದಿಗಳ ನಿಯಂತ್ರಣ ಕೇಂದ್ರಪಟ್ಟಿಯ 56ನೇದು, ಇವೆರಡರ ಮಧ್ಯೆ ಎಲ್ಲಾ ಸಿಕ್ಕಾಕೊಂಡಿದೆ. 2012ರ ನೀತಿ ಕೂಡ ಕಣಿವೆಯಿಂದ ಕಣಿವೆಗೆ ನೀರು ಒಯ್ಯೋದನ್ನ ಒಂದೊಂದಾಗಿ, ಪರಿಸರ, ಖರ್ಚು, ಜನರ ಮೇಲಾಗೋ ಪರಿಣಾಮ ತೂಗಿ ನೋಡಿ ಅಂತಲೇ ಹೇಳೋದು. ನದಿ ಜೋಡಣೆಯ 30 ಕೊಂಡಿಗಳ ಪಟ್ಟೀಲಿ ಮೊದಲು ಕೆಲಸ ಶುರುವಾಗಿದ್ದು ಕೆನ್–ಬೆಟ್ವಾ, ಅದಕ್ಕೂ 2005ರಲ್ಲಿ ಮೊದಲ ಒಪ್ಪಂದ ಆಗಿ, 2021ರಲ್ಲಿ ಕೊನೇ ಒಪ್ಪಂದ ಆಗಿ, 2024ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ಆಯ್ತು. ಅಲ್ಲಿದ್ದದ್ದು ಎರಡೇ ರಾಜ್ಯ!

ನಮ್ಮ ಕರ್ನಾಟಕದ ವಿಷಯ ಇನ್ನೂ ಸ್ವಾರಸ್ಯ. 1980ರ ಗೋದಾವರಿ ತೀರ್ಪಲ್ಲಿ (ಕೃಷ್ಣಾ ತೀರ್ಪು ಕೊಟ್ಟ ನ್ಯಾಯಮೂರ್ತಿ ಬಚಾವತ್ ಅವರದ್ದೇ) ಒಂದು ಷರತ್ತಿದೆ, ಆಂಧ್ರದಲ್ಲಿ ಗೋದಾವರಿಗೆ ಕಟ್ಟೋ ಪೋಲವರಂ ಅಣೆಕಟ್ಟಿನಿಂದ 80 ಟಿಎಂಸಿ ಕೃಷ್ಣೆಗೆ ತಿರುಗಿಸಿದ್ರೆ 45 ಆಂಧ್ರಕ್ಕೆ, 21 ಕರ್ನಾಟಕಕ್ಕೆ, 14 ಮಹಾರಾಷ್ಟ್ರಕ್ಕೆ. ಪೋಲವರಂ ನೀರು ಹತ್ತಿ ಬಂದು ಆಲಮಟ್ಟಿ ತುಂಬಲ್ಲ. ಕೆಳಗಡೆ ವಿಜಯವಾಡದ ಹತ್ರ ಗೋದಾವರಿ ನೀರು ಬಿತ್ತು ಅಂದ್ರೆ ಆ ಲೆಕ್ಕಕ್ಕೆ ನಾವು ಮೇಲೆ ಕೃಷ್ಣೆಯಲ್ಲೇ ಅಷ್ಟು ಹಿಡ್ಕೋಬಹುದು, ಎಟಿಎಂ ಥರ, ಎಲ್ಲೋ ಕಟ್ಟಿ ಎಲ್ಲೋ ತಗೊಳ್ಳೋದು. ನನ್ನ ಪ್ರಕಾರ ನದಿ ಜೋಡಣೇಲಿ ನಮಗೆ ನಿಜವಾಗಿ ಲಾಭ ಇರೋದು ಈ ಅದಲು ಬದಲಲ್ಲಿ. ಗೋದಾವರಿ–ಕಾವೇರಿ ಕಾಲುವೆ ನಮ್ಮ ನೆಲ ಮುಟ್ಟೋದೇ ಇಲ್ಲ, ನಮ್ಮ ಪಾಲು ಕೇಳಬೇಕಾದ್ದೂ ಹೀಗೇ.

ಆದ್ರೆ ಗೋದಾವರಿ–ಕಾವೇರಿ ಮಾತುಕತೇಲಿ ನಮಗೆ ಅಂತ ಮೇಜಿನ ಮೇಲೆ ಬಂದದ್ದೇನು? ಸುಮಾರು 16 ಟಿಎಂಸಿ, ಜೊತೆಗೆ ಬೇಡ್ತಿ–ವರದಾ, ಅಂದ್ರೆ ಬೇಡ್ತಿ ನೀರನ್ನ ತುಂಗಭದ್ರೆ ಸೇರೋ ವರದೆಗೆ ಎತ್ತೋ ಯೋಜನೆ. ಬೇಡ್ತಿ ಧಾರವಾಡದ ಹತ್ರ ಶಾಲ್ಮಲೆಯಾಗಿ ಹುಟ್ಟಿ ಮಾಗೋಡಲ್ಲಿ ಧುಮುಕಿ ಗಂಗಾವಳಿ ಅಂತ ಅರಬ್ಬಿ ಸಮುದ್ರ ಸೇರೋ ನಮ್ಮದೇ ನದಿ. ನಮ್ಮ ಜೇಬಿಂದ ತೆಗೆದು ನಮ್ಮ ಕೈಗೇ ಕೊಟ್ಟಂಗೆ! ಶಿರಸಿ, ಯಲ್ಲಾಪುರದವರು ಇದಕ್ಕೆ ಗಟ್ಟಿಯಾಗಿ ವಿರೋಧ ಮಾಡ್ತಿದಾರೆ, ಬಯಲಲ್ಲಿ ಹಾವೇರಿ, ಗದಗದ ಕಡೆಯವರು ಬೇಕೇ ಬೇಕು ಅಂತಾರೆ, ಇಬ್ಬರದೂ ಸುಳ್ಳಲ್ಲ. ಬೇಸಿಗೇಲಿ ಹೊಳೆ ಹರಿವು ಸಣ್ಣಗಾದ್ರೆ ಉಪ್ಪುನೀರು ಮೇಲೇರುತ್ತೆ, ಹೊಳೆದಂಡೆಯ ಬಾವಿಗಳು ಸಪ್ಪೆ ಇದ್ದದ್ದು ಉಪ್ಪಾಗ್ತವೆ. ಮಳೆಗಾಲದ ನೀರು ಮಾತ್ರ ಎತ್ತೋದು ಅಂತಾರೆ. ಪಂಪು ಕೂರಿಸಿ ಕೋಟಿಗಟ್ಟಲೆ ಸುರಿದ ಮೇಲೆ ಬಯಲಿನ ಊರುಗಳಲ್ಲಿ ಕುಡಿಯೋಕೇ ನೀರಿಲ್ಲ ಅಂತ ಕೂಗೆದ್ರೆ ಮಾರ್ಚಲ್ಲಿ ಸ್ವಿಚ್ ಆಫ್ ಮಾಡಿ ಅನ್ನೋ ಧೈರ್ಯ ಯಾವ ಸರ್ಕಾರಕ್ಕಿರುತ್ತೆ, ನಂಗಂತೂ ಅನುಮಾನ.

ಯಾವ ಯೋಜನೆಯ ಡಿಪಿಆರ್ (ವಿವರವಾದ ಯೋಜನಾ ವರದಿ) ಕೈಗೆ ಬಂದ್ರೂ ನಾನು ನಕ್ಷೆ, ಖರ್ಚಿನ ಪಟ್ಟಿ ಎಲ್ಲಾ ಬಿಟ್ಟು ಮೊದಲು ತಿಂಗಳವಾರು ಹರಿವಿನ ಟೇಬಲ್ ತೆಗೀತೀನಿ. ಅದರಲ್ಲಿ ಫೆಬ್ರವರಿಯಿಂದ ಮೇವರೆಗಿನ ಕಾಲಮ್‌ಗಳು, ಅದೂ ಮಳೆ ಕೈಕೊಟ್ಟ ವರ್ಷದ್ದು. ಎಷ್ಟೋ ಸಲ ಆ ಜಾಗದಲ್ಲಿ ವಾರ್ಷಿಕ ಸರಾಸರಿ ಕೂತಿರುತ್ತೆ.